ಮಕ್ಕಳ ಕೈಯಲ್ಲಿ ಮೊಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಬೀಜ ಮೊಳೆಸುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಅಪ್ಪ ಅಮ್ಮಂದಿರು, ಟೀಚರುಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಇರಲಿ ಎಂದು ಇದನ್ನು ಬರೆದಿದ್ದೇನೆ. ಮೂರರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮುಂದೆ ಓದುವ ಮೊದಲು ಎದ್ದುಹೋಗಿ ಒಂದು ಹಿಡಿ ಹೆಸರುಕಾಳು ನೆನೆಹಾಕಿ ಬನ್ನಿ. ನಾಳೆ ಬೆಳಿಗ್ಗೆ ಮಗು ಏಳುವಷ್ಟರಲ್ಲಿ ಕೆಲಸ ಶುರುವಾಗಿರುತ್ತದೆ.

ಎಷ್ಟು ವಯಸ್ಸಿನಿಂದ ಶುರುಮಾಡಬಹುದು?

ಮೂರು ವರ್ಷ ತುಂಬಿದ್ದರೆ ಸಾಕು. ಆ ವಯಸ್ಸಿನ ಮಗುವಿನ ಪಾಲಿಗೆ ಬೀಜ ಮುಟ್ಟುವುದು, ನೀರು ಹನಿಸುವುದು, ಬೆಳಿಗ್ಗೆ ಎದ್ದವರೇ ಓಡಿಹೋಗಿ ನೋಡುವುದು, ಇಷ್ಟೇ ದೊಡ್ಡ ಪಾಠ. ಐದರ ಹೊತ್ತಿಗೆ ಎರಡು ಲೋಟ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳುತ್ತದೆ. ಏಳೆಂಟು ವರ್ಷಕ್ಕೆ "ಇದನ್ನ ಬೀರುವಿನೊಳಗೆ ಇಟ್ಟು ನೋಡೋಣ್ವಾ?" ಎಂದು ತಾನೇ ಪ್ರಯೋಗ ಹೂಡುತ್ತದೆ.

ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಮಾತಿನ ಅರ್ಥವೇ ಮಕ್ಕಳ ತೋಟ. 1840ರಲ್ಲಿ ಆ ಹೆಸರನ್ನು ಕೊಟ್ಟ ಫ್ರೀಡ್ರಿಕ್ ಫ್ರೋಬೆಲ್, ಪ್ರತಿ ಮಗುವಿಗೂ ತನ್ನದೇ ಅನ್ನುವ ಒಂದು ಪುಟ್ಟ ಪಾತಿ ಇರಬೇಕು ಎಂದು ನಂಬಿದ್ದವರು. ಆ "ತನ್ನದೇ" ಅನ್ನುವುದನ್ನು ನಾನು ಬಹಳ ಮುಖ್ಯ ಎಂದು ಎಣಿಸುತ್ತೇನೆ. ಹತ್ತು ಮಕ್ಕಳಿಗೆ ಸೇರಿ ಒಂದೇ ಕುಂಡ ಇಟ್ಟರೆ ಯಾರೂ ನೋಡುವುದಿಲ್ಲ. ಹೆಸರು ಬರೆದ ಒಂದು ಲೋಟ ಕೈಗೆ ಕೊಟ್ಟರೆ ಮಗು ಅದರ ಮುಂದಿನಿಂದ ಏಳುವುದಿಲ್ಲ.

ಮೊದಲ ಸಲಕ್ಕೆ ಯಾವ ಬೀಜ ಒಳ್ಳೆಯದು?

ಹೆಸರುಕಾಳು. ಎರಡನೇ ಮಾತಿಲ್ಲ. ರಾತ್ರಿ ನೆನೆಸಿ ಬೆಳಿಗ್ಗೆ ನೀರು ಬಸಿದರೆ, ಬೆಚ್ಚಗಿನ ದಿನಗಳಲ್ಲಿ ಇನ್ನೊಂದು ಹಗಲು ರಾತ್ರಿ ಕಳೆಯುವಷ್ಟರಲ್ಲಿ ಬಿಳಿ ಮೂತಿ ಹೊರಗೆ ಬಂದಿರುತ್ತದೆ. ಮೂರು ನಾಲ್ಕು ವರ್ಷದ ಮಗುವಿನ ತಾಳ್ಮೆ ಅಷ್ಟು ಹೊತ್ತು ಬಾಳುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಮೆಂತ್ಯ, ಸಾಸಿವೆ ಎರಡು ಮೂರು ದಿನ ತೆಗೆದುಕೊಳ್ಳುತ್ತವೆ. ಮುಸುಕಿನ ಜೋಳಕ್ಕೆ ನಾಲ್ಕೈದು ದಿನ ಬೇಕು. ಟೊಮ್ಯಾಟೊ, ಮೆಣಸಿನಕಾಯಿ ಒಂದರಿಂದ ಎರಡು ವಾರ ಕಾಯಿಸುತ್ತವೆ, ಮೊದಲ ಸಲಕ್ಕೆ ಅವು ಬೇಡ.

ಕೊತ್ತಂಬರಿ ಹಾಕಿ ಸೋತವರು ಬಹಳ ಮಂದಿ. ನಾವು ಕೊತ್ತಂಬರಿ ಬೀಜ ಅನ್ನುವ ಆ ಉಂಡೆ ನಿಜಕ್ಕೂ ಒಂದು ಒಣಗಿದ ಕಾಯಿ, ಒಳಗೆ ಎರಡು ಬೀಜ ಇರುತ್ತವೆ. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ನೆನೆಸಬೇಕು. ಆಮೇಲೂ ವಾರ, ಹತ್ತು ದಿನ ಕಾಯಬೇಕು.

ಹೆಸರುಕಾಳು ಬಿಚ್ಚಿ ನೋಡಲು ತೀರಾ ಚಿಕ್ಕದು. ಅದಕ್ಕೆ ಅಲಸಂದೆಯನ್ನೋ ಬೀನ್ಸ್ ಬೀಜವನ್ನೋ ಇಟ್ಟುಕೊಳ್ಳಿ.

ಹತ್ತಿಯಲ್ಲಿ ಇಡಬೇಕೋ, ಮಣ್ಣಿನಲ್ಲಿ ಹಾಕಬೇಕೋ?

ಮೊದಲ ಸಲಕ್ಕೆ ಎರಡೂ ಬೇಡ. ಹತ್ತಿಯಲ್ಲಿ ಬೇರು ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಮಗು ಎತ್ತಿ ನೋಡಲು ಹೋದರೆ ಪಟಕ್ಕನೆ ಮುರಿಯುತ್ತದೆ. ಮಣ್ಣಿನಲ್ಲಾದರೆ ಏನೂ ಕಾಣುವುದೇ ಇಲ್ಲ, ಮಗು ದಿನಕ್ಕೆ ನಾಲ್ಕು ಸಲ ಅಗೆದು ನೋಡುತ್ತದೆ. ಅದರ ತಪ್ಪೇನಿಲ್ಲ, ನಾವೇ ಕಾಣದ ಜಾಗದಲ್ಲಿ ಇಟ್ಟಿರುತ್ತೇವೆ.

ನೇರ ಬದಿಯ ಒಂದು ಪಾರದರ್ಶಕ ಲೋಟ ತೆಗೆದುಕೊಳ್ಳಿ. ಪುಟ್ಟ ಮಕ್ಕಳಿಗೆ ಗಾಜಿಗಿಂತ ಪ್ಲಾಸ್ಟಿಕ್ಕೇ ಮೇಲು. ಒಳಗೋಡೆಗೆ ಅಂಟಿಕೊಳ್ಳುವಂತೆ ಟಿಶ್ಯೂ ಪೇಪರನ್ನು ಎರಡು ಮೂರು ಪದರ ಸುತ್ತಿ, ನಡುವಿನ ಖಾಲಿ ಜಾಗಕ್ಕೆ ಮುದುಡಿದ ಕಾಗದವನ್ನೋ ಹಳೆ ಬಟ್ಟೆ ಚೂರನ್ನೋ ತುರುಕಿ. ಅದು ಪೇಪರನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಈಗ ನೆನೆದ ಬೀಜವನ್ನು ಲೋಟದ ಗೋಡೆಗೂ ಪೇಪರಿಗೂ ನಡುವೆ, ಅರ್ಧ ಎತ್ತರಕ್ಕೆ, ಪೆನ್ಸಿಲ್ಲಿನ ಹಿಂಬದಿಯಿಂದ ಇಳಿಸಿ. ತಳದಲ್ಲಿ ಒಂದು ಬೆರಳಿನಷ್ಟು ನೀರು ಸಾಕು, ಪೇಪರು ತಾನೇ ಮೇಲಕ್ಕೆ ಹೀರುತ್ತದೆ. ಬೀಜ ಮಾತ್ರ ನೀರಿನಲ್ಲಿ ಮುಳುಗಬಾರದು.

ಇದರಲ್ಲಿ ಬೇರು, ಕಾಂಡ, ಎಲೆ ಎಲ್ಲವೂ ಗೋಡೆಗೆ ಅಂಟಿಕೊಂಡೇ ಬೆಳೆಯುತ್ತವೆ. ಏನನ್ನೂ ಕೀಳದೆ, ಮುಟ್ಟದೆ ನೋಡಬಹುದು.

ನೆನೆಸಲೇಬೇಕಾ? ಎಷ್ಟು ಹೊತ್ತು?

ಕಾಳುಗಳಿಗೆ 8ರಿಂದ 12 ಗಂಟೆ. ಸಾಸಿವೆಯಂಥ ಸಣ್ಣ ಬೀಜಕ್ಕೆ ಒದ್ದೆ ಪೇಪರೇ ಸಾಕು. ಒಂದು ದಿನಕ್ಕಿಂತ ಹೆಚ್ಚು ನೀರಿನಲ್ಲೇ ಬಿಟ್ಟರೆ ಕಾಳಿಗೆ ಉಸಿರಾಡಲು ಗಾಳಿ ಸಿಗದೆ ಹುಳಿವಾಸನೆ ಹೊಡೆಯಲು ಶುರುವಾಗುತ್ತದೆ.

ನೆನೆಸುವುದನ್ನೇ ಒಂದು ಆಟ ಮಾಡಿಕೊಳ್ಳಬಹುದು. ಒಣಗಿದ ಬೀನ್ಸ್ ಬೀಜವನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಲಿ. ಮರುದಿನ ನೆನೆದ ಅದೇ ಬೀಜವನ್ನು ಆ ಗೆರೆಯೊಳಗೆ ಕೂರಿಸಲು ಹೇಳಿ. ಕೂರುವುದಿಲ್ಲ! "ಟೀಚರ್, ಇದು ದಪ್ಪ ಆಗಿದೆ" ಎನ್ನುವಾಗ ಆ ಮುಖ ನೋಡಬೇಕು.

ಆ ಊದುವಿಕೆಗೆ ಎಷ್ಟು ಬಲ ಇದೆ ಎಂದು ತೋರಿಸಲು, ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಒಳಗೆ ಒಂದು ಹಿಡಿ ಒಣ ಕಡಲೆಕಾಳು ಹುದುಗಿಸಿ. ಕಲಸುವ ಕೆಲಸ ದೊಡ್ಡವರದು, ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಗಟ್ಟಿಯಾದ ಮೇಲೆ ತೇವ ಆರದಂತೆ ನೋಡಿಕೊಂಡರೆ ಕಾಳು ಒಳಗೇ ಊದಿ ಪ್ಲಾಸ್ಟರನ್ನು ಸೀಳುತ್ತದೆ. ಹಿಂದಿನ ಕಾಲದ ವೈದ್ಯರು ತಲೆಬುರುಡೆಯ ಮೂಳೆಗಳನ್ನು ಮುರಿಯದೆ ಬಿಡಿಸಲು ಬುರುಡೆಯೊಳಗೆ ಒಣ ಕಾಳು ತುಂಬಿ ನೆನೆಸುತ್ತಿದ್ದರು. ಎಂಟು ವರ್ಷದವರಿಗೆ ಈ ಕತೆ ಹೇಳಿದರೆ ಜನ್ಮಪೂರ್ತಿ ಮರೆಯುವುದಿಲ್ಲ, ಮೂರು ವರ್ಷದವರಿಗೆ ಹೇಳಬೇಡಿ.

ಬೀಜದೊಳಗೆ ಏನಿದೆ ಅಂತ ಹೇಗೆ ತೋರಿಸೋದು?

ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು, ಅವಸರ ಮಾಡಬೇಡಿ.

ರಾತ್ರಿ ನೆನೆಸಿದ ಬೀನ್ಸ್ ಬೀಜ ಅಥವಾ ದಪ್ಪ ಅಲಸಂದೆ, ಪ್ರತಿ ಮಗುವಿಗೂ ಎರಡೆರಡು. ಒಂದು ಭೂತಗನ್ನಡಿ. ಮೊದಲು ಹೊರಗಿನಿಂದ ನೋಡಲಿ. ಒಳಬಾಗಿದ ಬದಿಯಲ್ಲಿ ಒಂದು ಉದ್ದನೆಯ ಗುರುತು ಇದೆಯಲ್ಲ, ಅದು ಬೀಜದ ಹೊಕ್ಕುಳು. ಕಾಯಿಗೆ ಅಂಟಿಕೊಂಡಿದ್ದ ಜಾಗ. ಹಾಗೆಂದ ತಕ್ಷಣ ಮಕ್ಕಳು ಅಂಗಿ ಎತ್ತಿ ತಮ್ಮ ಹೊಕ್ಕುಳು ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲಿ. ಹೋಲಿಕೆ ಸರಿಯಾಗಿಯೇ ಇದೆ. ಈಗ ಬೀಜವನ್ನು ಎರಡು ಬೆರಳಿನ ನಡುವೆ ಮೆಲ್ಲಗೆ ಒತ್ತಲು ಹೇಳಿ. ಹೊಕ್ಕುಳಿನ ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತಿದೆ, ಅಲ್ಲಿಂದ ಒಂದು ಪುಟ್ಟ ನೀರಹನಿ ಉಕ್ಕಿ ನಿಲ್ಲುತ್ತದೆ.

ಆಮೇಲೆ ಸಿಪ್ಪೆ. ಉಗುರಿನಿಂದ ಬೆನ್ನಿನ ಕಡೆ ಗೀರಿದರೆ ಒದ್ದೆ ಕಾಗದದ ಹಾಗೆ ಜಾರಿಬರುತ್ತದೆ. ಒಳಗೆ ಎರಡು ಬೇಳೆ. ಹೊಕ್ಕುಳು ಇಲ್ಲದ ಬದಿಯಿಂದ ಮೆಲ್ಲಗೆ ಬಿಡಿಸಬೇಕು, ಆಗ ಒಂದು ಬೇಳೆಗೆ ಅಂಟಿಕೊಂಡೇ ಉಳಿದಿರುತ್ತದೆ ಆ ಪುಟ್ಟ ಗಿಡ. ಒಂದು ಕಡೆ ಮೊನಚಾದ ಬೇರು, ಇನ್ನೊಂದು ಕಡೆ ಒಂದರ ಮೇಲೊಂದು ಮಡಿಸಿಟ್ಟ ಎರಡು ಎಲೆ. ಭೂತಗನ್ನಡಿಯಲ್ಲಿ ಎಲೆಯ ನರಗಳೂ ಕಾಣುತ್ತವೆ. ಒಂದು ಹುಡುಗ ತುಂಬ ಹೊತ್ತು ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಮೆಲ್ಲಗೆ ಮಾತಾಡಿ" ಎಂದು ಪಕ್ಕದವರಿಗೆ ಹೇಳಿದ್ದ.

ಆ ಎರಡು ಬೇಳೆ ಏನು ಎಂದು ನೀವಾಗಿಯೇ ಹೇಳಬೇಡಿ. "ಇಷ್ಟು ಚಿಕ್ಕ ಗಿಡದ ಜೊತೆ ಇಷ್ಟು ದೊಡ್ಡದನ್ನ ಯಾಕೆ ಇಟ್ಟಿರಬಹುದು?" ಎಂದು ಕೇಳಿ, ಸುಮ್ಮನಿರಿ. ಬುತ್ತಿ, ಹಾಸಿಗೆ, ಬಾಗಿಲು, ಮನೆ, ಏನು ಬೇಕಾದರೂ ಬರಬಹುದು. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿಟ್ಟು, ಮುಂದಿನ ಎರಡು ವಾರ ಲೋಟದಲ್ಲಿನ ಬೇಳೆಗೆ ಏನಾಗುತ್ತದೆ ಎಂದು ನೋಡಲಿ. ಹೆಸರಿನ ಗಿಡ ತನ್ನ ಬೇಳೆಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಮೇಲೇಳುತ್ತದೆ. ಅವು ದಿನದಿನಕ್ಕೆ ಸೊರಗಿ, ಸುಕ್ಕಾಗಿ, ಕೊನೆಗೆ ಉದುರುತ್ತವೆ. ಬುತ್ತಿ ಎಂದಿದ್ದ ಮಗುವಿಗೆ ಅವತ್ತು ತನ್ನ ಮಾತು ನಿಜವಾದದ್ದು ತಾನಾಗಿಯೇ ಗೊತ್ತಾಗುತ್ತದೆ. ಕಡಲೆಕಾಳಿನ ಬೇಳೆಗಳು ಮೇಲೆ ಬರುವುದೇ ಇಲ್ಲ, ಇದ್ದಲ್ಲೇ ಉಳಿದು ಕರಗುತ್ತವೆ. ಎರಡನ್ನೂ ಪಕ್ಕಪಕ್ಕದ ಲೋಟದಲ್ಲಿ ಬೆಳೆಸಿದರೆ ಬಹಳ ಒಳ್ಳೆಯದು.

"ಬೀಜಕ್ಕೆ ಜೀವ ಇದೆಯಾ?" ಅಂತ ಮಗು ಕೇಳುತ್ತೆ. ಏನು ಹೇಳಲಿ?

ಇದೆ ಎಂದೇ ಹೇಳಿ. ನಿದ್ದೆ ಮಾಡುತ್ತಿದೆ ಎನ್ನುವುದು ಪುಟ್ಟ ಮಕ್ಕಳ ಮಟ್ಟಿಗೆ ತಪ್ಪೇನಲ್ಲ. ಒಣ ಬೀಜದಲ್ಲಿ ನೀರಿನಂಶ ತೀರಾ ಕಡಿಮೆ, ಅದರೊಳಗಿನ ಕೆಲಸಗಳೆಲ್ಲ ಹೆಚ್ಚುಕಡಿಮೆ ನಿಂತೇಹೋಗಿರುತ್ತವೆ. ನೀರು ಒಳಹೋದ ಮೇಲೆ ಮತ್ತೆ ಶುರುವಾಗುತ್ತವೆ.

ಆದರೆ ಮಾತಿಗಿಂತ ಚೆನ್ನಾಗಿ ಉತ್ತರ ಹೇಳುವ ಒಂದು ಪ್ರಯೋಗ ಇದೆ. ಹತ್ತು ಹೆಸರುಕಾಳನ್ನು ಹತ್ತು ನಿಮಿಷ ಕುದಿಸಿ ಆರಿಸಿ. ಇನ್ನೊಂದು ಹತ್ತನ್ನು ಹಸಿಯಾಗಿಯೇ ನೆನೆಸಿ. ಎರಡನ್ನೂ ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿಡಿ. ಎರಡೂ ಊದುತ್ತವೆ, ಎರಡೂ ಮೆತ್ತಗಾಗುತ್ತವೆ. ಮೊಳೆಯುವುದು ಒಂದೇ. ನೀರು ಹೀರುವುದು ಸತ್ತ ಬೀಜಕ್ಕೂ ಬರುತ್ತದೆ, ಮೊಳೆಯುವುದು ಜೀವ ಇರುವ ಬೀಜಕ್ಕೆ ಮಾತ್ರ. ಈ ಎರಡರ ನಡುವಿನ ಅಂತರವನ್ನು ಆರು ವರ್ಷದ ಮಗು ಕಣ್ಣಾರೆ ನೋಡಿ ತಿಳಿಯಬಲ್ಲದು ಎಂಬುದು ನನಗೆ ಇವತ್ತಿಗೂ ದೊಡ್ಡ ಸಂಗತಿ.

ಹಳೆಯ ಬೀಜ ಮೊಳೆಯುತ್ತಾ?

ಡಬ್ಬಿಯ ತಳದಲ್ಲಿ ಎರಡು ಮೂರು ವರ್ಷ ಉಳಿದ ಕಾಳು ಮೊಳೆಯಬಹುದು, ಆದರೆ ಎಲ್ಲವೂ ಅಲ್ಲ. ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುರುಳಿ ಸುತ್ತಿಟ್ಟು, ನಾಲ್ಕು ದಿನ ಬಿಟ್ಟು ಎಷ್ಟು ಮೊಳೆತಿವೆ ಎಂದು ಎಣಿಸಿ. ಬಿತ್ತುವ ಮೊದಲು ರೈತರು ಮಾಡುವ ಪರೀಕ್ಷೆಯೂ ಇದೇ. ಹತ್ತರೊಳಗೆ ಎಣಿಸಲು ಬರುವ ಮಗುವಿಗೆ ಇದು ಲೆಕ್ಕದ ಪಾಠವೂ ಹೌದು.

ಕೆಲವು ಬೀಜಗಳ ಆಯಸ್ಸು ಕೇಳಿದರೆ ದೊಡ್ಡವರಿಗೂ ಮೈ ಜುಮ್ಮೆನ್ನುತ್ತದೆ. ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ 20 ಬಾಟಲಿಗಳಲ್ಲಿ ಮರಳಿನ ಜೊತೆ ಬೀಜ ತುಂಬಿ ನೆಲದಲ್ಲಿ ಹೂತಿಟ್ಟರು. ವರ್ಷಗಳ ಅಂತರದಲ್ಲಿ ಒಂದೊಂದನ್ನೇ ತೆಗೆದು ಪರೀಕ್ಷಿಸುವುದು ಅವರ ಯೋಜನೆ. 2021ರಲ್ಲಿ ತೆಗೆದ ಬಾಟಲಿಯ ಕೆಲವು ಬೀಜಗಳು ಆಗಲೂ ಮೊಳೆತವು. ಕೊನೆಯ ಬಾಟಲಿಗೆ ಗೊತ್ತುಮಾಡಿರುವ ವರ್ಷ 2100. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಗಿಡವಾಯಿತು. 

ಬೀಜ ಮೊಳೆಯೋಕೆ ಬಿಸಿಲು ಬೇಕಲ್ವಾ?

ಬಹಳಷ್ಟು ಬೀಜಗಳಿಗೆ ಬೇಡ. ಮಣ್ಣಿನೊಳಗೆ ಬಿಸಿಲೆಲ್ಲಿದೆ? ನೀರು, ಗಾಳಿ, ಹದವಾದ ಬೆಚ್ಚಗು, ಈ ಮೂರು ಸಾಕು. ಲೆಟಿಸ್‌ನಂಥ ಕೆಲವು ಸಣ್ಣ ಬೀಜಗಳಿಗೆ ಮಾತ್ರ ಮೊಳೆಯಲು ಬೆಳಕು ಬೇಕಾಗುತ್ತದೆ. ಪಾಠದ ಚಿತ್ರಗಳಲ್ಲಿ ಬೀಜದ ಮೇಲೆ ಯಾವಾಗಲೂ ಒಂದು ಸೂರ್ಯ ನಗುತ್ತಾ ಇರುವುದರಿಂದ ಮಕ್ಕಳಿಗಷ್ಟೇ ಅಲ್ಲ, ನಮಗೂ ಈ ತಪ್ಪು ತಿಳಿವಳಿಕೆ ಅಂಟಿಕೊಂಡಿದೆ.

ಒಂದು ಲೋಟ ಕಿಟಕಿಯಲ್ಲಿ, ಒಂದು ಲೋಟ ಬೀರುವಿನೊಳಗೆ. ನೀರು, ಬೀಜ, ಪೇಪರು ಎಲ್ಲ ಒಂದೇ ಥರ. ಎರಡೂ ಮೊಳೆಯುತ್ತವೆ. ಆದರೆ ವಾರ ಕಳೆಯುವಷ್ಟರಲ್ಲಿ ಬೀರುವಿನೊಳಗಿನದು ಉದ್ದಕ್ಕೆ, ಸಪೂರವಾಗಿ, ಹಳದಿಗಟ್ಟಿ ನಿಂತಿರುತ್ತದೆ. ಮಕ್ಕಳು ಒಕ್ಕೊರಲಿನಿಂದ "ಕತ್ತಲೇದೇ ಗೆದ್ದಿದೆ!" ಎನ್ನುತ್ತಾರೆ. ತಿದ್ದಲು ಹೋಗಬೇಡಿ. ಇನ್ನೂ ಹತ್ತು ದಿನ ಹಾಗೇ ಇಡಿ. ಕತ್ತಲಿನ ಗಿಡ ತನ್ನ ಬುತ್ತಿಯನ್ನೆಲ್ಲ ಬೆಳಕು ಹುಡುಕಿ ಮೇಲೇರಲು ಖರ್ಚು ಮಾಡಿದೆ, ಎಲೆ ಬಿಚ್ಚಿಲ್ಲ, ಹಸಿರಾಗಿಲ್ಲ. ಬುತ್ತಿ ಮುಗಿದ ಮೇಲೆ ಅದು ಮಲಗಿಬಿಡುತ್ತದೆ. ಮಲಗುವ ಮೊದಲು ಒಂದನ್ನು ಕಿಟಕಿಗೆ ತಂದಿಟ್ಟರೆ ಒಂದೆರಡು ದಿನದಲ್ಲಿ ಹಸಿರೇರುವುದನ್ನೂ ನೋಡಬಹುದು.

ಒಂದು ರಟ್ಟಿನ ಡಬ್ಬಿಯ ಬದಿಗೆ ತೂತು ಕೊರೆದು ಒಳಗೆ ಸಸಿ ಇಟ್ಟರೆ ಅದು ತೂತಿನ ಕಡೆಗೇ ಬಾಗುತ್ತದೆ. ಗಿಡಕ್ಕೆ ಕಣ್ಣು ಎಲ್ಲಿದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಸಸಿಗಳ ತುದಿಗೆ ಪುಟ್ಟ ಟೋಪಿ ತೊಡಿಸಿ ನೋಡಿದರು. ತುದಿ ಮುಚ್ಚಿದ ಸಸಿ ಬಾಗಲಿಲ್ಲ. 1880ರಲ್ಲಿ ಅವರು ಪ್ರಕಟಿಸಿದ ಆ ಪ್ರಯೋಗದಿಂದ ಬೆಳಕನ್ನು ಅರಿಯುವುದು ಸಸಿಯ ತುದಿ ಎಂದು ತಿಳಿಯಿತು.

ಬೀಜವನ್ನು ತಲೆಕೆಳಗಾಗಿ ಇಟ್ಟರೆ ಬೇರು ಮೇಲೆ ಬರುತ್ತಾ?

ಇಲ್ಲ. ನಾಲ್ಕು ಬೀಜವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಇಟ್ಟರೂ ನಾಲ್ಕರ ಬೇರೂ ಕೆಳಗೇ ಇಳಿಯುತ್ತದೆ. ಇನ್ನೂ ಚೆನ್ನಾಗಿ ತೋರಿಸಬೇಕೆಂದರೆ, ಬೇರು ಎರಡು ಬೆರಳು ಉದ್ದ ಆದಾಗ ತಳದ ನೀರು ಚೆಲ್ಲಿ, ಪೇಪರು ಒದ್ದೆ ಇರುವಂತೆಯೇ ಲೋಟವನ್ನು ಅಡ್ಡ ಮಲಗಿಸಿ. ಬೀಜ ಇರುವ ಗೋಡೆ ನಿಮಗೆ ಎದುರಾಗಿ ಕಾಣುವಂತಿರಲಿ. ಮರುದಿನಕ್ಕೆ ಬೇರಿನ ತುದಿ ಮೊಣಕೈ ಮಡಿಸಿದ ಹಾಗೆ ಕೆಳಕ್ಕೆ ತಿರುಗಿರುತ್ತದೆ. ಮತ್ತೆ ನೆಟ್ಟಗೆ ನಿಲ್ಲಿಸಿದರೆ ಮತ್ತೆ ತಿರುಗುತ್ತದೆ. ಒಂದು ಮಗು ಹೀಗೆ ಐದಾರು ಸಲ ಮಾಡಿ ಮೆಟ್ಟಿಲಿನ ಆಕಾರದ ಬೇರು ಬೆಳೆಸಿತ್ತು.

ಬೇರಿನ ತುದಿಯ ಕೋಶಗಳೊಳಗೆ ಪಿಷ್ಟದ ಸಣ್ಣ ಕಣಗಳಿವೆ. ಬಾಟಲಿಯಲ್ಲಿನ ಮರಳಿನಂತೆ ಅವು ಯಾವಾಗಲೂ ಕೆಳಗಿನ ಬದಿಗೆ ಕೂರುತ್ತವೆ, ಬೇರಿಗೆ ಕೆಳಗು ಯಾವುದು ಎಂದು ತಿಳಿಯುವುದು ಹಾಗೆ. 1806ರಲ್ಲಿ ಥಾಮಸ್ ನೈಟ್ ಎಂಬ ಇಂಗ್ಲಿಷ್ ತೋಟಗಾರ ರಭಸವಾಗಿ ತಿರುಗುವ ನೀರಿನ ಚಕ್ರಕ್ಕೆ ಬೀಜ ಕಟ್ಟಿ ಮೊಳೆಸಿದ್ದರು. ಬೇರುಗಳೆಲ್ಲ ಚಕ್ರದ ಹೊರಗಡೆಗೆ, ಕಾಂಡಗಳೆಲ್ಲ ನಡುವಿನ ಕಡೆಗೆ ಬೆಳೆದವು. ತಿರುಗುವ ರಭಸ ಹೊರಕ್ಕೆ ತಳ್ಳುತ್ತಿದ್ದ ದಿಕ್ಕೇ ಅವಕ್ಕೆ ಕೆಳಗಾಗಿತ್ತು.

ಗಿಡ ಮಣ್ಣನ್ನು ತಿಂದು ಬೆಳೆಯುತ್ತೆ ಅಂತ ಹೇಳಬಹುದಾ?

ಬೇಡ. ಮಣ್ಣೇ ಇಲ್ಲದ ಲೋಟದಲ್ಲಿ ಗಿಡ ಬೆಳೆದದ್ದನ್ನು ಮಗು ನೋಡಿದೆ, ಅದನ್ನೇ ಹಿಡಿದು ಮಾತಾಡಿ. ಮೊದಲ ದಿನಗಳಲ್ಲಿ ಬೇಳೆಯ ಬುತ್ತಿ, ಆಮೇಲೆ ನೀರು, ಗಾಳಿ, ಬೆಳಕು ಸೇರಿಸಿ ಎಲೆ ತಾನೇ ಅಡುಗೆ ಮಾಡಿಕೊಳ್ಳುತ್ತದೆ. ಮಣ್ಣಿನಿಂದ ಲವಣಗಳು ಸ್ವಲ್ಪ ಬೇಕು. ಏಳೆಂಟು ವರ್ಷದವರಾದರೆ, ನೆನೆದ ಬೀನ್ಸ್ ಬೀಜದ ಒಂದು ಬೇಳೆ ತೆಗೆದುಹಾಕಿ, ಗಿಡ ಅಂಟಿಕೊಂಡ ಇನ್ನೊಂದು ಬೇಳೆಯನ್ನಷ್ಟೇ ಬೆಳೆಸಿ, ಇಡೀ ಬೀಜದ ಜೊತೆ ಹೋಲಿಸಿ ನೋಡಲಿ. ಅರ್ಧ ಬುತ್ತಿಯ ಗಿಡ ಕುಳ್ಳಗೇ ಉಳಿಯುತ್ತದೆ.

ಬೇರಿನ ಸುತ್ತ ಬಿಳಿ ನೂಲಿನ ಹಾಗೆ ಬಂದಿದೆ. ಬೂಷ್ಟು ಹಿಡೀತಾ? ಬಿಸಾಡಲಾ?

ನಿಲ್ಲಿ, ಮೊದಲು ನೋಡಿ. ಮುಖ್ಯವಾಗಿ ಸಾಸಿವೆ, ಮೂಲಂಗಿಯಲ್ಲಿ ಇದನ್ನು ಬೂಷ್ಟು ಎಂದುಕೊಂಡು ಒಳ್ಳೆಯ ಸಸಿಗಳನ್ನು ಎಷ್ಟೋ ಜನ ಬಿಸಾಡಿದ್ದಾರೆ. ಅವು ಬೇರಿನ ರೋಮಗಳು, ನೀರು ಹೀರುವ ಕೆಲಸ ಅವುಗಳದ್ದೇ.

ಗುರುತಿಸುವುದು ಸುಲಭ. ಬೇರಿನ ರೋಮ ಬೇರಿನ ಮೇಲೆ ಮಾತ್ರ, ತುದಿಗಿಂತ ಸ್ವಲ್ಪ ಹಿಂದೆ, ಬ್ರಶ್ಶಿನ ಹಾಗೆ ಒಂದೇ ಸಮನೆ ಸುತ್ತಲೂ ಇರುತ್ತದೆ. ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಂಡು ಮಾಯವಾದಂತೆ ಕಾಣುತ್ತದೆ. ಬೂಷ್ಟಾದರೆ ಬೀಜದ ಮೇಲೆ, ಪೇಪರಿನ ಮೇಲೆ ಎಲ್ಲೆಂದರಲ್ಲಿ ಜೇಡರ ಬಲೆಯಂತೆ ಹಬ್ಬುತ್ತದೆ, ಬೂದಿ ಇಲ್ಲವೇ ಕಪ್ಪು ಬಣ್ಣಕ್ಕೆ ತಿರುಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಅಂಥ ಬೀಜವನ್ನು ತೆಗೆದುಬಿಡಿ. ಮುಂದಿನ ಸಲ ನೀರು ಕಡಿಮೆ ಮಾಡಿ, ಗಾಳಿ ಆಡುವಲ್ಲಿ ಇಡಿ, ಲೋಟವನ್ನು ಸೋಪಿನಲ್ಲಿ ತೊಳೆದು ಬಳಸಿ.

ನಮ್ಮ ಮಗುವಿನ ಬೀಜ ಮೊಳೆಯಲೇ ಇಲ್ಲ. ಅಳುತ್ತಾ ಕೂತಿದೆ. ಏನು ಮಾಡಲಿ?

ಒಂದು ಸಲ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಎಲ್ಲರದ್ದೂ ಮೊಳೆತು ಒಬ್ಬ ಹುಡುಗಿಯದ್ದು ಮಾತ್ರ ಕೊಳೆತಿತ್ತು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅದನ್ನು ತೆಗೆದು, ಚೆನ್ನಾಗಿ ಮೊಳೆತ ಬೇರೊಂದನ್ನು ಅಲ್ಲಿಟ್ಟೆ. ಬೆಳಿಗ್ಗೆ ಆಕೆ ಲೋಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದು ನಂದಲ್ಲ. ನಂದರ ಮೇಲೆ ಒಂದು ಕಪ್ಪು ಚುಕ್ಕೆ ಇತ್ತು" ಎಂದಳು. ನಾಲ್ಕು ದಿನ ಅವಳು ಎಷ್ಟು ಗಮನವಿಟ್ಟು ನೋಡಿದ್ದಳು ಎಂಬುದಕ್ಕೆ ಆ ಮಾತೇ ಸಾಕ್ಷಿ. ಆ ನೋಟಕ್ಕೆ ನಾನು ಮೋಸ ಮಾಡಿದ್ದೆ. ನಿಜ ಹೇಳಿ, ಎತ್ತಿಟ್ಟಿದ್ದ ಅವಳ ಬೀಜವನ್ನು ತಂದುಕೊಟ್ಟೆ. ಇಬ್ಬರೂ ಕೂತು ಬಿಚ್ಚಿದೆವು. ಒಳಗಿನ ಪುಟ್ಟ ಗಿಡ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ಸಿಪ್ಪೆಯ ಮೇಲಿನ ಚುಕ್ಕೆ ಒಂದು ಹುಳುವಿನ ತೂತು. ಅವತ್ತು ಇಡೀ ತರಗತಿ ಡಬ್ಬಿಯಲ್ಲಿದ್ದ ಕಾಳನ್ನೆಲ್ಲ ಸುರಿದುಕೊಂಡು ತೂತಿರುವುದನ್ನು ಆರಿಸಿತು.

ಅಂದಿನಿಂದ ಒಂದು ಬೀಜವನ್ನೂ ಗುಟ್ಟಾಗಿ ಬದಲಾಯಿಸಿಲ್ಲ. ಒಬ್ಬೊಬ್ಬರಿಗೆ ಮೂರು ನಾಲ್ಕು ಬೀಜ ಕೊಡುತ್ತೇನೆ, ಒಂದಾದರೂ ಏಳುತ್ತದೆ. ಏಳದಿದ್ದುದನ್ನು ಬಿಚ್ಚಿ ನೋಡುತ್ತೇವೆ. ಮೊಳೆಯದಿರಲು ಕಾರಣ ಸಾಮಾನ್ಯವಾಗಿ ಇವೇ: ನೀರಿನಲ್ಲಿ ಮುಳುಗಿತ್ತು, ಒಣಗಿತ್ತು, ಚಳಿ ಹೆಚ್ಚಿತ್ತು, ಬೀಜ ಹಳೆಯದಾಗಿತ್ತು ಅಥವಾ ಹುಳು ಹೊಕ್ಕಿತ್ತು. ಯಾವುದು ಎಂದು ಮಗುವೇ ಊಹಿಸಲಿ, ಆ ಊಹೆ ಸರಿಯೇ ಎಂದು ನೋಡಲು ಇನ್ನೊಂದು ಲೋಟ ಇಡಲಿ. ಅಳು ಅಲ್ಲಿಗೆ ನಿಲ್ಲುತ್ತದೆ.

ಬೇಳೆ ಯಾಕೆ ಮೊಳೆಯಲ್ಲ? ಅಕ್ಕಿ?

ಕಾಳನ್ನು ಒಡೆದು ಬೇಳೆ ಮಾಡುವಾಗ ಒಳಗಿನ ಪುಟ್ಟ ಗಿಡ ಮುರಿದು ಉದುರಿಹೋಗುತ್ತದೆ, ಉಳಿಯುವುದು ಬುತ್ತಿ ಮಾತ್ರ. ಬತ್ತ ಮೊಳೆಯುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಆ ಮೂಲೆಯೇ ಹೋಗಿರುತ್ತದೆ. ಅಕ್ಕಿಕಾಳಿನ ಒಂದು ತುದಿಯಲ್ಲಿ ಕಚ್ಚಿದ ಹಾಗೆ ಕಾಣುವ ಸಣ್ಣ ತಗ್ಗು, ಪುಟ್ಟ ಗಿಡ ಇದ್ದ ಜಾಗ. ಬತ್ತ, ಅಕ್ಕಿ ಎರಡನ್ನೂ ಭೂತಗನ್ನಡಿಯ ಕೆಳಗೆ ತೋರಿಸಿ.

ಬರೆಯೋಕೆ ಬಾರದ ಮಕ್ಕಳು ದಾಖಲೆ ಇಡೋದು ಹೇಗೆ?

ಕಾಗದದ ಪಟ್ಟಿಯಿಂದ. ದಿನಾ ಒಂದೇ ಹೊತ್ತಿಗೆ ಸಸಿಯ ಪಕ್ಕ ಕಾಗದದ ಪಟ್ಟಿ ಹಿಡಿದು, ಸಸಿಯ ಎತ್ತರಕ್ಕೆ ಕತ್ತರಿಸಿ, ಒಂದು ಹಾಳೆಯ ಮೇಲೆ ಸಾಲಾಗಿ ಅಂಟಿಸುತ್ತಾ ಹೋಗಲಿ. ಹತ್ತು ದಿನಕ್ಕೆ ಅದು ಮೆಟ್ಟಿಲಿನಂತೆ ಏರಿರುತ್ತದೆ. ಸೆಂಟಿಮೀಟರ್ ಗೊತ್ತಿಲ್ಲದ ಮಗು ಯಾವ ದಿನ ಗಿಡ ಹೆಚ್ಚು ಜಿಗಿಯಿತು ಎಂದು ಬೆರಳಿಟ್ಟು ತೋರಿಸುತ್ತದೆ.

ಚಿತ್ರ ಬರೆಸಿದರೆ ಕಂಡದ್ದನ್ನು ಬರೆಯಲು ಹೇಳಿ. ಎರಡನೇ ದಿನವೇ ಹೂ ಬಿಟ್ಟ ಗಿಡ ಬರೆದರೆ "ಎಲ್ಲಿದೆ ಹೂವು, ನಂಗೂ ತೋರಿಸು" ಎಂದು ಲೋಟದ ಹತ್ತಿರ ಕರೆದುಕೊಂಡು ಹೋಗಿ, ಸಾಕು.

ಮೂವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಆಗುತ್ತಾ?

ಆಗುತ್ತದೆ. ಆದರೆ ಪ್ರಯೋಗಗಳನ್ನೆಲ್ಲ ಎಲ್ಲರಿಂದಲೂ ಮಾಡಿಸಲು ಹೋಗಬೇಡಿ. ಪ್ರತಿ ಮಗುವಿಗೂ ಒಂದು ಲೋಟ, ಅಷ್ಟೇ. ಕತ್ತಲು–ಬೆಳಕು, ಬೇಯಿಸಿದ್ದು–ಹಸಿ, ಮುಳುಗಿಸಿದ್ದು–ಒದ್ದೆ ಮಾಡಿದ್ದು ಇವನ್ನು ಐದೈದು ಮಕ್ಕಳ ಗುಂಪಿಗೆ ಒಂದೊಂದು ಹಂಚಿ. ಒಂದು ಪ್ರಯೋಗದಲ್ಲಿ ಬದಲಾಗುವುದು ಒಂದೇ ಸಂಗತಿ ಇರಲಿ. ಸೋಮವಾರ ಶುರುಮಾಡಿದರೆ ಶುಕ್ರವಾರದೊಳಗೆ ಮೊಳಕೆ ಕಾಣುತ್ತದೆ. ಶುಕ್ರವಾರ ಶುರುಮಾಡಿದರೆ ಎರಡು ದಿನ ನೀರಿಲ್ಲದೆ ಒಣಗಿರುತ್ತದೆ. ನೀರು ಹಾಕಲು ಡ್ರಾಪರ್ ಕೊಡಿ, ಮಗ್ಗು ಕೊಟ್ಟರೆ ಪ್ರವಾಹ.

ಎಚ್ಚರಿಕೆ ವಹಿಸಬೇಕಾದ ಸಂಗತಿಗಳೇನು?

ಮೂಗು, ಕಿವಿ. ಕಾಳನ್ನು ಮೂಗಿಗೆ ತುರುಕಿಕೊಂಡರೆ ಅಲ್ಲಿನ ತೇವಕ್ಕೆ ಊದಿ ಇನ್ನಷ್ಟು ಬಿಗಿಯಾಗುತ್ತದೆ. ಮನೆಯಲ್ಲಿ ಕೀಳಲು ಹೋಗದೆ ವೈದ್ಯರ ಹತ್ತಿರ ಹೋಗಿ. ಮೂರಕ್ಕಿಂತ ಚಿಕ್ಕ ಮಕ್ಕಳ ಕೈಗೆ ಕಾಳು ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಹರಳು, ಗುಲಗಂಜಿ, ದತ್ತೂರಿ, ಕಣಗಿಲೆ ಇವುಗಳ ಬೀಜ ವಿಷ. ಕೆಂಪು ಕಪ್ಪಿನ ಗುಲಗಂಜಿಯಂತೂ ಮಕ್ಕಳ ಕಣ್ಣು ಸೆಳೆಯುತ್ತದೆ, ಸಂಗ್ರಹಕ್ಕೂ ಬೇಡ. ಬಿತ್ತನೆಗೆಂದು ಮಾರುವ ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದ ಬೀಜಗಳಿಗೆ ಔಷಧಿ ಸವರಿರುತ್ತಾರೆ, ಅವನ್ನು ಮುಟ್ಟಿಸಬೇಡಿ. ಪ್ರಯೋಗಕ್ಕಿಟ್ಟ ಮೊಳಕೆಯನ್ನು ತಿನ್ನಿಸಬೇಡಿ. ಕೆಲಸ ಮುಗಿದ ಮೇಲೆ ಕೈ ತೊಳೆಸಿ.

ಮೊಳಕೆ ಬಂತು, ಎಲೆ ಬಂತು. ಮುಂದೆ?

ಇಲ್ಲಿಗೆ ನಿಲ್ಲಿಸಿದರೆ ಬುತ್ತಿ ಮುಗಿದ ಗಿಡ ಎರಡು ಮೂರು ವಾರದಲ್ಲಿ ಪೇಪರಿನ ಮೇಲೇ ಸೊರಗುತ್ತದೆ. ಮೊದಲ ಜೋಡಿ ಎಲೆ ಬಿಚ್ಚಿಕೊಂಡ ಕೂಡಲೇ ಮಣ್ಣಿಗೆ ಕಳಿಸಿ. ಬೇರಿಗೆ ಅಂಟಿದ ಪೇಪರನ್ನು ಕೀಳಬೇಡಿ, ಸುತ್ತಲೂ ಹರಿದು ಪೇಪರಿನ ಸಮೇತ ನೆಡಿ, ಅದು ಮಣ್ಣಿನಲ್ಲಿ ಕರಗುತ್ತದೆ. ಕುಂಡದ ತಳದಲ್ಲಿ ತೂತಿರಬೇಕು. ಮೊದಲೆರಡು ದಿನ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ ತನ್ನಿ. ಇಲ್ಲಿಂದ ಮುಂದಕ್ಕೆ ಬಿಸಿಲು ಬೇಕೇ ಬೇಕು.

ಹೆಸರಿನ ಗಿಡ ಸುಮಾರು 40 ದಿನಕ್ಕೆ ಹಳದಿ ಹೂ ಬಿಡುತ್ತದೆ, 60ರಿಂದ 75 ದಿನದೊಳಗೆ ಕಾಯಿ ಒಣಗಿ ಕಪ್ಪಾಗುತ್ತದೆ. ಅಷ್ಟು ದಿನ ಕಾಯುವುದು ಕಷ್ಟವಲ್ಲವೇ ಎಂದು ಕೇಳುತ್ತಾರೆ. ದಿನಾ ನೋಡುವ ಅವಸರ ಆಗ ಇರುವುದಿಲ್ಲ, ವಾರಕ್ಕೊಮ್ಮೆ ಪಟ್ಟಿ ಕತ್ತರಿಸಿದರೆ ಸಾಕು. ಕಾಯಿ ತೀರಾ ಒಣಗಿ ತಾನೇ ಸಿಡಿಯುವ ಮೊದಲು ಕೊಯ್ದು ಮಗುವಿನ ಅಂಗೈಯಲ್ಲಿಡಿ. ಹೆಬ್ಬೆರಳಿನಿಂದ ಒತ್ತಿದರೆ ಎರಡು ಸಿಪ್ಪೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತವೆ. ಒಳಗೆ ಸಾಲಾಗಿ ಕೂತ ಹತ್ತು ಹನ್ನೆರಡು ಕಾಳು, ಪ್ರತಿಯೊಂದೂ ಒಂದೇ ಬದಿಗೆ ಅಂಟಿಕೊಂಡಿದೆ. ಭೂತಗನ್ನಡಿ ಕೊಡಿ. ಅಂಟಿಕೊಂಡ ಜಾಗ ಯಾವುದು ಎಂದು ನೀವು ಹೇಳಬೇಕಾಗಿಲ್ಲ, ಮಗು ಹೊಕ್ಕುಳನ್ನು ತಾನೇ ಹುಡುಕಿಕೊಳ್ಳುತ್ತದೆ.